ಸೈಕಲ್ಲಿನ ಹೊರೆ, ರಸ್ತೆಯ ಹೊಣೆ

ರಸ್ತೆ ಅಪಘಾತದ ಪಂಚನಾಮೆಯಲ್ಲಿ ಸೈಕಲ್ಲಿಗೆ ಸಿಗುವ ಜಾಗ ಹೆಚ್ಚೆಂದರೆ ಎರಡು ಸಾಲು. ಹಿಂದಿನ ಚಕ್ರ ಬಾಗಿದೆ, ಕ್ಯಾರಿಯರ್ ಮುರಿದಿದೆ, ಪಕ್ಕದಲ್ಲಿ ಎರಡು ಹಾಲಿನ ಕ್ಯಾನುಗಳು ಬಿದ್ದಿವೆ ಎಂದು ಬರೆದರೆ ಅದರ ವರ್ಣನೆ ಮುಗಿಯಿತು. ಡಿಕ್ಕಿ ಹೊಡೆದ ಲಾರಿಯ ವಿಷಯಕ್ಕೆ ಬಂದಾಗ ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ, ವಿಮೆಯ ಅವಧಿ, ಚಾಲಕನ ಪರವಾನಗಿ ಎಂದು ಪುಟ ತುಂಬುತ್ತದೆ. ಸೈಕಲ್ಲಿಗೆ ಇವೊಂದೂ ಇಲ್ಲವಾದ್ದರಿಂದ ಬರೆಯುವವನಿಗೂ ಬರೆಯಲು ಏನೂ ತೋಚುವುದಿಲ್ಲ. ಆದರೆ ಪ್ರಕರಣವು ಪರಿಹಾರಕ್ಕಾಗಿ ನ್ಯಾಯಮಂಡಳಿಯ ಮುಂದೆ ಬಂದಾಗ ವಾದವೆಲ್ಲ ಆ ಎರಡು ಸಾಲಿನ ಸುತ್ತಲೇ ನಡೆಯುತ್ತದೆ. ಕ್ಯಾನಿನಲ್ಲಿ ಹಾಲೆಷ್ಟಿತ್ತು, ಹೊರೆ ಎಷ್ಟು ಅಗಲವಿತ್ತು, ನಸುಕಿನ ಕತ್ತಲಲ್ಲಿ ಸೈಕಲ್ಲು ಹಿಂದಿನವನಿಗೆ ಕಾಣುವಂತಿತ್ತೇ, ಸವಾರ ಭಾರಕ್ಕೆ ತಾನೇ ತೂರಾಡಿ ಲಾರಿಯ ಹಾದಿಗೆ ಬಂದನೇ ಎಂದು ವಿಮಾ ಕಂಪನಿಯ ವಕೀಲರು ಒಂದೊಂದಾಗಿ ಕೇಳುತ್ತಾರೆ. ಉತ್ತರ ಹೇಳಬೇಕಾದವನು ಆಸ್ಪತ್ರೆಯಲ್ಲಿರುತ್ತಾನೆ, ಇಲ್ಲವೇ ತೀರಿಕೊಂಡಿರುತ್ತಾನೆ. ಹೀಗಾಗಿ ಸೈಕಲ್ಲಿನ ಮೇಲೆ ಹೊರೆ ಹೇರುವ ವಿದ್ಯೆಗೂ ನ್ಯಾಯಾಲಯದ ಕಾಗದಕ್ಕೂ ಹೊರಗಿನವರು ಊಹಿಸದಷ್ಟು ಹತ್ತಿರದ ನಂಟಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಹಳ್ಳಿಗಳಲ್ಲಿ ಸೈಕಲ್ಲು ಮೊದಲಿನಿಂದಲೂ ಸಾಮಾನಿನ ವಾಹನ. ಮನುಷ್ಯ ಅದರ ಮೇಲೆ ಕೂರುವುದು ಎರಡನೆಯ ಮಾತು. ಗಿರಣಿಗೆ ಹೋಗುವ ಜೋಳದ ಚೀಲ, ದನಗಳಿಗೆ ಬರುವ ಕಣಿಕೆಯ ಪೆಂಡಿ, ಸಂತೆಗೆ ಹೊರಟ ಕಾಯಿಪಲ್ಲೆಯ ಬುಟ್ಟಿ, ಮಗ್ಗದ ಕಾರ್ಖಾನೆಯಿಂದ ಅಂಗಡಿಗೆ ಸಾಗುವ ಟಾವೆಲ್ಲಿನ ಗಂಟು, ಬೇಸಿಗೆಯಲ್ಲಿ ನೀರಿನ ಕೊಡ, ಇವೆಲ್ಲ ಅದರ ಬೆನ್ನೇರಿ ಬಂದಿವೆ. ಕರಿ ನೆಲದ ಸಪಾಟು ದಾರಿ ಇದಕ್ಕೆ ಅನುಕೂಲ. ಕಾಸರಗೋಡಿನ ಕನ್ನಡಿಗರಿಗೆ ಈ ಭಾಗ್ಯವಿಲ್ಲ. ಅಲ್ಲಿಯ ಮುರಕಲ್ಲಿನ ಏರುತಗ್ಗುಗಳಲ್ಲಿ ಹೊರೆ ಹೇರಿದ ಸೈಕಲ್ಲನ್ನು ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು.

2011ರ ಜನಗಣತಿಯ ಹೊತ್ತಿಗೆ ದೇಶದ ನೂರು ಮನೆಗಳ ಪೈಕಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಆಮೇಲೆ ಕೈಯಲ್ಲಿ ಕಾಸಿದ್ದ ಹಾಲಿನವರು, ತರಕಾರಿಯವರು ಮೋಟಾರು ಸೈಕಲ್ಲಿಗೆ ದಾಟಿಕೊಂಡರು. ಹೊರೆಯ ಸೈಕಲ್ಲು ಕಂತು ಕಟ್ಟಲಾರದವನ ಪಾಲಿಗೆ ಉಳಿಯಿತು. ರಸ್ತೆಗಳು ಅಗಲವಾದದ್ದೂ ಇದೇ ಕಾಲದಲ್ಲಿ. ಸೊಲ್ಲಾಪುರದಿಂದ ಹೊರಟು ಟಾಕಳಿಯ ಬಳಿ ಭೀಮೆಯನ್ನು ದಾಟಿ ವಿಜಯಪುರಕ್ಕೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿ ಈಗ ಚತುಷ್ಪಥ. ಹೊಲದಿಂದ ಊರಿಗೆ ಬರುವವನು ಆ ರಸ್ತೆಯ ಅಂಚನ್ನು ಹಿಡಿದೇ ಬರಬೇಕು. ಲಾರಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ, ಸೈಕಲ್ಲು 12 ಕಿಲೋಮೀಟರು ವೇಗದಲ್ಲಿ ಒಂದೇ ದಿಕ್ಕಿಗೆ ಹೊರಟಿದ್ದರೆ ಅವುಗಳ ನಡುವಣ 60 ಮೀಟರು ಅಂತರ ಮೂರು ಸೆಕೆಂಡು ಕಳೆಯುವಷ್ಟರಲ್ಲಿ ಕರಗಿಹೋಗುತ್ತದೆ.

ಭಾರ ಹೊರಲೆಂದೇ ಹುಟ್ಟಿದ ಯಂತ್ರ ಇದು. ಉದ್ದನೆಯ ಹ್ಯಾಂಡಲ್ಲು, ರಾಡ್ ಬ್ರೇಕು, 28 ಇಂಚಿನ ಚಕ್ರಗಳ ಕರಿ ಸೈಕಲ್ಲು ಇಂಗ್ಲೆಂಡಿನಿಂದ ಬಂದ ಮಾದರಿಯಾದರೂ ಸ್ವಾತಂತ್ರ್ಯದ ನಂತರ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಇಲ್ಲಿಯ ಕಾರ್ಖಾನೆಗಳು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಆರಂಭವಾದವು. 1986ರಲ್ಲಿ ಹೀರೋ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ಲು ತಯಾರಿಸುವ ಕಂಪನಿಯೆಂದು ಗಿನ್ನೆಸ್ ದಾಖಲೆಗೆ ಸೇರಿತು. ಅಟ್ಲಾಸ್ ಕಂಪನಿ ಸಾಹಿಬಾಬಾದ್‌ನ ತನ್ನ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನವಾಗಿತ್ತು ಎಂಬುದನ್ನು ಪತ್ರಿಕೆಗಳು ಆಗಲೇ ಗಮನಿಸಿದ್ದವು. ಈ ಕರಿ ಸೈಕಲ್ಲಿನ ಕಡ್ಡಿಗಳನ್ನು ಎಣಿಸಿದರೆ ಅದನ್ನು ಯಾವ ಕೆಲಸಕ್ಕೆ ಮಾಡಿದ್ದಾರೆಂಬುದು ತಿಳಿಯುತ್ತದೆ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಸವಾರನ ಭಾರದ ಹೆಚ್ಚಿನ ಪಾಲೂ ಕ್ಯಾರಿಯರ್ ಮೇಲಿನ ಹೊರೆ ಬಹುತೇಕ ಪೂರ್ತಿಯಾಗಿಯೂ ಹಿಂದಿನ ಚಕ್ರದ ಮೇಲೆ ಬೀಳುವುದೆಂದು ಗೊತ್ತಿದ್ದವರು ಆ ಎಂಟು ಕಡ್ಡಿಗಳನ್ನು ಹೆಚ್ಚಿಗೆ ಕೊಟ್ಟಿದ್ದಾರೆ. ಭಾರದ ಕೆಲಸಕ್ಕೆಂದೇ ಬರುವ ಮಾದರಿಗಳಲ್ಲಿ ಮೇಲಿನ ಅಡ್ಡ ಬಾರು ಒಂದರ ಬದಲು ಎರಡು.

ಹೊರೆ ಎಷ್ಟು ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಮುಖ್ಯ. 40 ಕಿಲೋ ಚೀಲ ಹಿಂದಿನ ಚಕ್ರದ ಅಚ್ಚಿನ ನೇರಕ್ಕೆ, ಸವಾರನ ಬೆನ್ನಿಗೆ ತಾಗುವಂತೆ ಕೂತರೆ ಸೈಕಲ್ಲು ಅದನ್ನು ಸಲೀಸಾಗಿ ಹೊರುತ್ತದೆ. ಅದೇ ಚೀಲ ಕ್ಯಾರಿಯರ್‌ನ ತುದಿಗೆ ಸರಿದರೆ ತಕ್ಕಡಿಯಂತೆ ಹಿಂಭಾಗ ಕೆಳಗೆಳೆದು ಮುಂದಿನ ಚಕ್ರ ಹಗುರಾಗುತ್ತದೆ. ಆಗ ಹ್ಯಾಂಡಲ್ಲು ಸವಾರನ ಮಾತು ಕೇಳುವುದಿಲ್ಲ. ಸಣ್ಣ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುವುದೂ ಉಂಟು. ಅನುಭವಸ್ಥರು ಹೊರೆ ಹೇರಿದ ಮೇಲೆ ಹ್ಯಾಂಡಲ್ಲನ್ನು ಒಮ್ಮೆ ಎತ್ತಿ ನೋಡುತ್ತಾರೆ. ತೀರ ಸುಲಭವಾಗಿ ಎದ್ದರೆ ಹೊರೆಯನ್ನು ಬಿಚ್ಚಿ ಮುಂದಕ್ಕೆ ತಂದು ಕಟ್ಟುತ್ತಾರೆ. ಎತ್ತರದ ವಿಷಯವೂ ಹೀಗೆಯೇ. ಒಂದರ ಮೇಲೊಂದು ಪೇರಿಸಿದ ಹೊರೆ ನಿಂತಾಗ ನೆಟ್ಟಗೆ ಕಂಡರೂ ತಿರುವಿನಲ್ಲಿ ವಾಲಿದರೆ ಮತ್ತೆ ಎತ್ತಲು ಬಿಡುವುದಿಲ್ಲ. ಆದ್ದರಿಂದಲೇ ಹಾಲಿನವರು, ಸಿಲಿಂಡರಿನವರು ಕ್ಯಾರಿಯರ್‌ನ ಮೇಲೆ ಹೇರದೆ ಎರಡೂ ಮಗ್ಗುಲಿಗೆ ಕೊಕ್ಕೆ ಹಾಕಿ ತೂಗುಬಿಡುವ ಪದ್ಧತಿಯನ್ನು ಕಂಡುಕೊಂಡರು. ಭಾರ ಅಚ್ಚಿನ ಮಟ್ಟಕ್ಕೆ ಇಳಿಯಿತು.

ಹಾಲಿನವನ ಲೆಕ್ಕ ಇನ್ನೂ ಸೂಕ್ಷ್ಮ. 20 ಲೀಟರಿನ ಎರಡು ಕ್ಯಾನುಗಳಲ್ಲಿ ಹಾಲಿನ ತೂಕವೇ 41 ಕಿಲೋ. ಕ್ಯಾನಿನ ತೂಕ ಬೇರೆ. ಮನೆಯಿಂದ ಹೊರಟಾಗ ಎರಡೂ ತುಂಬಿರುವುದರಿಂದ ಸಮತೋಲ ತಾನಾಗಿಯೇ ಇರುತ್ತದೆ. ತೊಂದರೆ ಆರಂಭವಾಗುವುದು ಮಾರುತ್ತ ಹೋದಂತೆ. ಒಂದೇ ಕ್ಯಾನಿನಿಂದ ಅಳೆದುಕೊಟ್ಟು ಅದನ್ನು ಬರಿದು ಮಾಡಿದರೆ ಇನ್ನೊಂದು ಮಗ್ಗುಲು ಸೈಕಲ್ಲನ್ನು ಎಳೆಯುತ್ತದೆ. ಒಂದು ಓಣಿಗೆ ಎಡಗಡೆಯ ಕ್ಯಾನು, ಮುಂದಿನ ಓಣಿಗೆ ಬಲಗಡೆಯದು ಎಂಬ ಸರದಿ ಗಿರಾಕಿಗೆ ಅರ್ಥವಾಗದ ಹಟದಂತೆ ತೋರಬಹುದು. ಅದರ ಹಿಂದೆ ಇರುವುದು ಈ ಲೆಕ್ಕವೇ. ಅರ್ಧ ಖಾಲಿಯಾದ ಕ್ಯಾನು ತುಂಬಿದ ಕ್ಯಾನಿಗಿಂತ ಹೆಚ್ಚು ಕಾಟ ಕೊಡುತ್ತದೆಂಬುದೂ ಅವನಿಗೆ ಗೊತ್ತು. ಒಳಗಿನ ಹಾಲು ತುಳುಕಿ ಪ್ರತಿ ಗುಂಡಿಯಲ್ಲೂ ಸೈಕಲ್ಲನ್ನು ಆಚೆ ಈಚೆ ನೂಕುತ್ತದೆ. ಹಿಂದಿನಿಂದ ನೋಡುವ ಚಾಲಕನಿಗೆ ಅದು ಕುಡಿದವನ ತೂರಾಟದಂತೆ ಕಾಣುತ್ತದೆ. ನ್ಯಾಯಮಂಡಳಿಯಲ್ಲಿ ಆ ಚಾಲಕ ಸಾಕ್ಷಿ ಹೇಳುವಾಗ ಬಳಸುವ ಮಾತೂ ಬಹಳ ಸಲ ಅದೇ.

ಅಗಲವಾದ ಹೊರೆಯಲ್ಲಿ ಕಣಿಕೆ ಎಲ್ಲಕ್ಕಿಂತ ಕಠಿಣ. ತೂಕ ಹೆಚ್ಚಿಲ್ಲ, ಮೈ ದೊಡ್ಡದು. ಅಡ್ಡಲಾಗಿ ಕಟ್ಟಿದರೆ ಪೆಂಡಿಯ ಎರಡು ತುದಿಗಳು ರೆಕ್ಕೆಗಳಂತೆ ಚಾಚಿಕೊಂಡು ರಸ್ತೆಯ ಅರ್ಧವನ್ನು ಆಕ್ರಮಿಸುತ್ತವೆ, ಗಾಳಿ ಹಿಡಿಯುತ್ತದೆ, ಬಸ್ಸು ಪಕ್ಕದಲ್ಲಿ ಹಾದುಹೋದಾಗ ಅದು ತಳ್ಳುವ ಗಾಳಿ ಮೊದಲು ಆಚೆಗೆ ನೂಕಿ ಆಮೇಲೆ ತನ್ನೆಡೆಗೆ ಸೆಳೆಯುತ್ತದೆ. ಉದ್ದಕ್ಕೆ, ಬುಡವನ್ನು ಮುಂದೆ ಮಾಡಿ, ಸೀಟಿನ ಎರಡೂ ಬದಿಗೆ ಹಂಚಿ ಕಟ್ಟುವುದೇ ಸರಿಯಾದ ಕ್ರಮ. ಸವಾರ ಆಗ ಹತ್ತಿ ಕೂರಲಾರ, ನಡೆದೇ ಬರಬೇಕು. ಅವಸರದವರಿಗೆ ಇದು ಹಿಡಿಸುವುದಿಲ್ಲ. ಗ್ಯಾಸ್ ಸಿಲಿಂಡರಿನ ಕಥೆ ಇದಕ್ಕೆ ವಿರುದ್ಧ: ಮೈ ಚಿಕ್ಕದು, ತುಂಬಿದ್ದಾಗ ತೂಕ ಸುಮಾರು 30 ಕಿಲೋ. ಒಂದೇ ಮಗ್ಗುಲಿಗೆ ತೂಗುಹಾಕಿ ಮನೆಗೆ ತರುವ ಗೃಹಸ್ಥ ದಾರಿಯುದ್ದಕ್ಕೂ ಇನ್ನೊಂದು ಮಗ್ಗುಲಿಗೆ ವಾಲಿಕೊಂಡೇ ಇರಬೇಕಾಗುತ್ತದೆ. ಅಂಥವನು ಬಲಕ್ಕೆ ಕೈ ತೋರಿಸುವುದಾದರೂ ಹೇಗೆ? ಹ್ಯಾಂಡಲ್ಲಿಗೆ ಚೀಲ ಸಿಕ್ಕಿಸುವ ಅಭ್ಯಾಸವಂತೂ ಎಲ್ಲ ಊರಿನಲ್ಲೂ ಇದೆ. ಚೀಲ ತೂಗಾಡಿ ಮುಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಮುಖವಡಿಯಾಗಿ ಬೀಳುತ್ತಾನೆ. ಎರಡು ಕಿಲೋ ಸಕ್ಕರೆಗೆ ಹಲ್ಲು ಕಳೆದುಕೊಂಡವರಿದ್ದಾರೆ.

ನಿಲ್ಲಿಸುವ ಮಾತಿಗೆ ಬಂದರೆ ಲೆಕ್ಕ ಇನ್ನಷ್ಟು ನೇರ. 60 ಕಿಲೋ ಮನುಷ್ಯ, 20 ಕಿಲೋ ಸೈಕಲ್ಲು, ಒಟ್ಟು 80. ಅದರ ಮೇಲೆ 60 ಕಿಲೋ ಹೊರೆ ಬಂದರೆ 140. ಬ್ರೇಕಿನ ಹಿಡಿತ ಅಷ್ಟೇ ಇರುವುದರಿಂದ ಮೊದಲು ನಾಲ್ಕು ಮೀಟರಿನಲ್ಲಿ ನಿಲ್ಲುತ್ತಿದ್ದ ಸೈಕಲ್ಲಿಗೆ ಈಗ ಏಳು ಮೀಟರು ಬೇಕು. ರಾಡ್ ಬ್ರೇಕಿನ ರಬ್ಬರು ಉಕ್ಕಿನ ರಿಮ್ಮಿನ ಒಳಮೈಗೆ ಉಜ್ಜಿ ನಿಲ್ಲಿಸುವಂಥದ್ದು. ಮಳೆಯಲ್ಲಿ ರಿಮ್ಮು ತೋಯ್ದರೆ ಆ ಹಿಡಿತವೂ ಅರೆಬರೆ. ಹೊರೆಯವನು ಇಳಿಜಾರಿನಲ್ಲಿ ಇಳಿದು ನಡೆಯುವುದು ಈ ಕಾರಣಕ್ಕೆ. ಬ್ರೇಕಿನ ರಬ್ಬರು ಸವೆದಿದ್ದನ್ನು ವಾರಕ್ಕೊಮ್ಮೆ ನೋಡಿಕೊಳ್ಳುವುದು, ಹಿಂದಿನ ಟಾಯರಿಗೆ ಗಾಳಿ ಗಟ್ಟಿಯಾಗಿ ಹಾಕಿಸುವುದು, ಕ್ಯಾರಿಯರ್‌ನ ಕಾಲುಗಳು ಅಚ್ಚಿನ ನಟ್ಟಿಗೆ ಬಿಗಿಯಾಗಿವೆಯೇ ಎಂದು ಅಲುಗಿಸಿ ನೋಡುವುದು, ಇಷ್ಟಕ್ಕೆ ಖರ್ಚೇನೂ ಇಲ್ಲ. ಕಟ್ಟುವುದಕ್ಕೆ ಹಗ್ಗಕ್ಕಿಂತ ಹಳೆಯ ಟ್ಯೂಬನ್ನು ಸೀಳಿ ಮಾಡಿದ ಪಟ್ಟಿ ಮೇಲು. ಚೀಲದೊಳಗಿನ ಧಾನ್ಯ ಕುಲುಕಿ ಕುಗ್ಗಿದಾಗ ಹಗ್ಗ ಸಡಿಲವಾಗುತ್ತದೆ. ರಬ್ಬರು ತಾನೂ ಕುಗ್ಗಿ ಬಿಗಿ ಉಳಿಸಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅದು ಪುಕ್ಕಟೆ ಸಿಗುವ ಕಾಲವೂ ಇತ್ತು.

ತುಳಿಯಲಾಗದಷ್ಟು ಭಾರವನ್ನು ತಳ್ಳಿಕೊಂಡು ಹೋಗುವವರ ಲೋಕವೇ ಬೇರೆ. ಅಲ್ಲಿ ಸೈಕಲ್ಲು ಎರಡು ಚಕ್ರದ ಕೈಗಾಡಿಯಾಗುತ್ತದೆ. 1954ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಕಾಳಗಕ್ಕೆ ಅಕ್ಕಿ, ಮದ್ದುಗುಂಡುಗಳನ್ನು ಸಾಗಿಸಿದ ಜನ ಹ್ಯಾಂಡಲ್ಲಿಗೊಂದು ಬಿದಿರಿನ ಗಳ ಕಟ್ಟಿ, ಪಕ್ಕದಲ್ಲಿ ನಡೆಯುತ್ತಲೇ ಅದನ್ನು ತಿರುಗಿಸುತ್ತ, ಒಂದೊಂದು ಸೈಕಲ್ಲಿನ ಮೇಲೆ 200 ಕಿಲೋಗೂ ಹೆಚ್ಚು ಹೊರೆ ಒಯ್ದರು. ಜಾರ್ಖಂಡದ ಕಲ್ಲಿದ್ದಲ ಸೀಮೆಯಲ್ಲಿ ರಾಮಗಢದ ಕಡೆಯಿಂದ ರಾಂಚಿಯತ್ತ ಅಷ್ಟೇ ತೂಕದ ಕಲ್ಲಿದ್ದಲ ಚೀಲಗಳನ್ನು ಸೈಕಲ್ಲಿನ ಮೇಲೆ ತಳ್ಳುತ್ತ ಘಾಟು ಹತ್ತುವವರನ್ನು ಕಾಣಬಹುದು. ಆ ಭಾರದ ಮುಂದೆ ಅಕ್ಕಲಕೋಟೆಯ ಸಂತೆಗೆ ಹೊರಟ ಈರುಳ್ಳಿ ಚೀಲ ಏನೂ ಅಲ್ಲ. ಆದರೆ ಘಾಟಿನಲ್ಲಿ ತಳ್ಳುವವನು ಮೆಲ್ಲಗೆ ಹತ್ತುವ ಲಾರಿಗಳ ನಡುವೆ ಇರುತ್ತಾನೆ. ಸಪಾಟು ಹೆದ್ದಾರಿಯಲ್ಲಿ ತುಳಿಯುವವನ ಹಿಂದೆ ಬರುವುದು ವೇಗ.

ಹಗಲಿಗಿಂತ ಸಂಜೆ, ನಸುಕುಗಳೇ ಅಪಾಯದ ಹೊತ್ತು. ಹಾಲು, ಕಾಯಿಪಲ್ಲೆ, ಪತ್ರಿಕೆ, ಮೂರೂ ಹೊರಡುವುದು ಬೆಳಗಾಗುವ ಮುಂಚೆ. ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಕೆಂಪು ಪ್ರತಿಫಲಕ ಇರುತ್ತದೆ ನಿಜ. ಕ್ಯಾರಿಯರ್ ಮೇಲೆ ಚೀಲ ಬಿದ್ದೊಡನೆ ಅದರ ಅಂಚು ಇಳಿಬಿದ್ದು ಆ ಪ್ರತಿಫಲಕವನ್ನೇ ಮುಚ್ಚುತ್ತದೆ! ಹೊರೆ ಇಲ್ಲದಾಗ ಹೊಳೆಯುವ ಸೈಕಲ್ಲು ಹೊರೆ ಇದ್ದಾಗ, ಅಂದರೆ ಕಾಣಲೇಬೇಕಾದಾಗ, ಕತ್ತಲಲ್ಲಿ ಕಳೆದುಹೋಗುತ್ತದೆ. ಪರಿಹಾರ ಸರಳ: ಟ್ರ್ಯಾಕ್ಟರಿನ ಟ್ರೇಲರಿಗೆ ಅಂಟಿಸುವಂಥ ಹೊಳೆಯುವ ಪಟ್ಟಿಯನ್ನು ಕ್ಯಾನಿನ ಮೈಗೆ ಸುತ್ತಿ ಅಂಟಿಸಬೇಕು; ಚೀಲವಾದರೆ ಕಟ್ಟುವ ಪಟ್ಟಿಯ ಮೇಲೆಯೇ ಒಂದು ಪ್ರತಿಫಲಕವನ್ನು ಹೊಲಿಸಬೇಕು. ಹೊರೆಯೇ ಹೊಳೆಯಬೇಕು. ಪೆಡಲಿನ ಹಳದಿ ತುಂಡುಗಳನ್ನು ಕಿತ್ತೆಸೆಯುವವರು ಅವುಗಳ ಬೆಲೆಯನ್ನು ಅರಿಯರು. ಮೇಲೆ ಕೆಳಗೆ ಆಡುವ ಆ ಬೆಳಕು ಅದು ಸೈಕಲ್ಲೆಂದು ದೂರದಿಂದಲೇ ಹೇಳುತ್ತದೆ.

ಹಿಂದೊಂದು ಕಾಲಕ್ಕೆ ಆಡಳಿತದ ಕಣ್ಣಿಗೆ ಸೈಕಲ್ಲು ಬೀಳುತ್ತಿತ್ತು. ಪುರಸಭೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದವು. ದೀಪವಿಲ್ಲದೆ ರಾತ್ರಿ ಹೊರಟವನನ್ನು, ಡಬಲ್ ಸವಾರಿ ಮಾಡಿದವನನ್ನು ಪೊಲೀಸರು ಹಿಡಿದು ದಂಡ ಹಾಕುತ್ತಿದ್ದರು. ಆ ಕಿರುಕುಳವನ್ನು ಯಾರೂ ಮರಳಿ ಬಯಸುವುದಿಲ್ಲ. ಆದರೆ ಬಿಲ್ಲೆ ಹೋದಂತೆ ಸೈಕಲ್ಲು ಲೆಕ್ಕದ ಪುಸ್ತಕದಿಂದಲೂ ಹೋಯಿತು. ಇಂದು 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಲ್ಲಿ ಯಂತ್ರಬಲದಿಂದ ಓಡುವುದು ಮಾತ್ರ ಮೋಟಾರು ವಾಹನ. ತುಳಿಯುವ ಸೈಕಲ್ಲಿಗೆ ನೋಂದಣಿಯಾಗಲಿ ಪರವಾನಗಿಯಾಗಲಿ ವಿಮೆಯಾಗಲಿ ಬೇಡ. ಇದರ ಇನ್ನೊಂದು ಮಗ್ಗುಲನ್ನು ಜನ ಗಮನಿಸುವುದಿಲ್ಲ. ಲಾರಿ, ಟೆಂಪೊಗಳಿಗೆ ಆ ಕಾಯಿದೆ ಭಾರದ ಮಿತಿ ವಿಧಿಸುತ್ತದೆ; ಸೈಕಲ್ಲಿಗೆ ವಿಧಿಸಿಲ್ಲ. ಆದ್ದರಿಂದ ಸೈಕಲ್ಲಿನಲ್ಲಿ ‘ಮಿತಿಮೀರಿದ ಹೊರೆ’ ಇತ್ತೆಂದು ವಿಮಾ ಕಂಪನಿ ಹೇಳಿದರೆ, ಯಾವ ಮಿತಿ ಎಂಬ ಮರುಪ್ರಶ್ನೆಗೆ ಆ ಕಾಯಿದೆಯಲ್ಲಿ ಉತ್ತರವಿಲ್ಲ. ಉಳಿಯುವುದು ಸವಾರ ತಕ್ಕಮಟ್ಟಿನ ಎಚ್ಚರ ವಹಿಸಿದ್ದನೇ ಎಂಬ ಪ್ರಶ್ನೆ ಮಾತ್ರ.

ಗಾಯಗೊಂಡವನದೂ ತಪ್ಪಿನಲ್ಲಿ ಪಾಲಿದೆ ಎಂದು ತೀರ್ಮಾನವಾದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ. ಕಾಲು ಭಾಗ, ಅರ್ಧ ಭಾಗ ಹೋದ ಕುಟುಂಬಗಳಿಗೆ ಅದು ಮಗಳ ಓದು, ಇಲ್ಲವೇ ಅಡವಿಟ್ಟ ಹೊಲ. ಆದರೆ ಈ ಪಾಲು ತಪ್ಪನ್ನು ಯಾರು ಹೇಳುತ್ತಾರೋ ಅವರೇ ರುಜುವಾತುಪಡಿಸಬೇಕು. ಹೊರೆ ಇತ್ತೆಂಬ ಕಾರಣಕ್ಕೆ ಅದನ್ನು ಊಹಿಸಿಕೊಳ್ಳಲು ಬರುವುದಿಲ್ಲ. ಇಲ್ಲಿಯೇ ಪಂಚನಾಮೆಯ ಎರಡು ಸಾಲು ಕೆಲಸಕ್ಕೆ ಬರುತ್ತವೆ. ಹಿಂದಿನ ಚಕ್ರ ಬಾಗಿ ಮುಂದಿನದು ನೆಟ್ಟಗಿದ್ದರೆ ಡಿಕ್ಕಿ ಹಿಂದಿನಿಂದ ಬಂದಿತೆಂದು ಸೈಕಲ್ಲೇ ಸಾಕ್ಷಿ ನುಡಿಯುತ್ತದೆ. ಮುಂದೆ ಹೋಗುವ ವಾಹನದಿಂದ ಅಂತರ ಕಾಯ್ದುಕೊಳ್ಳುವುದು ಹಿಂದಿನವನ ಹೊಣೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕೆಂದು ಬೇರೆಯಾಗಿಯೇ ಹೇಳುತ್ತವೆ. ಕ್ಯಾನಿಗೆ ಅಂಟಿಸಿದ ಹೊಳೆಯುವ ಪಟ್ಟಿ ಪಂಚನಾಮೆಯಲ್ಲಿ ದಾಖಲಾದರೆ ಕಾಣಲಿಲ್ಲವೆಂಬ ಚಾಲಕನ ವಾದದ ಬುಡವೇ ಅಲುಗುತ್ತದೆ. ದುರ್ದೈವವೆಂದರೆ ಅಪಘಾತವಾದ ಗಳಿಗೆಯಲ್ಲಿ ಬಂಧುಗಳು ಆಸ್ಪತ್ರೆಗೆ ಓಡುತ್ತಾರೆ; ರಸ್ತೆಯಲ್ಲಿ ಬಿದ್ದ ಸೈಕಲ್ಲನ್ನು ಯಾರೋ ಬದಿಗೆ ಎಳೆದು ಹಾಕುತ್ತಾರೆ; ಕ್ಯಾನು ಯಾರ ಮನೆ ಸೇರಿತೋ ತಿಳಿಯದು. ಊರಿನವನೊಬ್ಬ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೊಗಳು, ಅದರಲ್ಲೂ ಸೈಕಲ್ಲಿನ ಹಿಂಭಾಗ ಮತ್ತು ರಸ್ತೆಯ ಅಂಚು ಕಾಣುವಂಥವು, ಮುಂದೆ ಯಾವ ಸಾಕ್ಷಿಗಿಂತಲೂ ಹೆಚ್ಚು ಮಾತಾಡುತ್ತವೆ.

ಸಂಬಳದ ಚೀಟಿ ಇಲ್ಲದ ಹಾಲಿನವನ ಆದಾಯವನ್ನು ಹೇಗೆ ತೋರಿಸುವುದು ಎಂಬ ಅಂಜಿಕೆ ಅನೇಕರನ್ನು ಕಡಿಮೆ ಮೊತ್ತಕ್ಕೆ ಒಪ್ಪಿಸುತ್ತದೆ. ಡೇರಿಯ ಪಾಸ್‌ಬುಕ್ಕು, ವರ್ತನೆಯ ಮನೆಗಳ ಲೆಕ್ಕದ ವಹಿ, ಗಿರಾಕಿಗಳ ಹೇಳಿಕೆ, ಇವೆಲ್ಲ ಪುರಾವೆಯೇ. 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಣಯ್ ಸೇಠಿ ಪ್ರಕರಣದಲ್ಲಿ, ಸ್ವಂತ ದುಡಿಮೆಯವನು ತೀರಿಕೊಂಡರೆ ಅವನ ಆದಾಯಕ್ಕೂ ಮುಂದಿನ ಏಳಿಗೆಯ ಲೆಕ್ಕ ಸೇರಿಸಬೇಕೆಂದು ತೀರ್ಪು ಕೊಟ್ಟಿದೆ. ವಯಸ್ಸು 40ಕ್ಕಿಂತ ಕಡಿಮೆಯಿದ್ದರೆ ಆದಾಯದ ಶೇಕಡಾ 40, 40ರಿಂದ 50ರವರೆಗೆ ಶೇಕಡಾ 25, 50ರಿಂದ 60ರವರೆಗೆ ಶೇಕಡಾ 10 ಕೂಡಿಸಬೇಕು.

ಗಡಿಯ ಜನಕ್ಕೆ ಇನ್ನೊಂದು ತೊಡಕು ಗಂಟುಬಿದ್ದಿದೆ. ಟಾಕಳಿಯವನು ಸೇತುವೆ ದಾಟಿ ಧೂಳಖೇಡದ ಕಡೆ ಹೋದಾಗ ಅಪಘಾತವಾದರೆ ಠಾಣೆ ಕರ್ನಾಟಕದ್ದು, ಕಾಗದ ಕನ್ನಡದ್ದು. ಈಚೆ ಆದರೆ ಠಾಣೆ ಮಹಾರಾಷ್ಟ್ರದ್ದು, ಕಾಗದ ಮರಾಠಿಯದು. ಕನ್ನಡ ಮಾತ್ರ ಓದಬಲ್ಲ ತಾಯಿಯಿಂದ ಮರಾಠಿ ಜಬಾಬಿನ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಅದರಲ್ಲಿ ‘ಸೈಕಲ್ಲು ಏಕಾಏಕಿ ಅಡ್ಡ ಬಂತು’ ಎಂಬ ವಾಕ್ಯ ಸೇರಿದ್ದರೂ ಆಕೆಗೆ ತಿಳಿಯದು. ಜಬಾಬನ್ನು ತನ್ನ ಭಾಷೆಯಲ್ಲಿ ಓದಿ ಹೇಳಿಸಿಕೊಂಡೇ ಸಹಿ ಮಾಡಬೇಕು. ಪರಿಹಾರದ ಅರ್ಜಿಯ ವಿಷಯದಲ್ಲಾದರೂ ಕಾಯಿದೆ ಉದಾರವಾಗಿದೆ. 166ನೆಯ ಕಲಮಿನ ಪ್ರಕಾರ ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯೇ ಆಗಬೇಕೆಂದಿಲ್ಲ. ಅರ್ಜಿದಾರ ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳದ ಇಲ್ಲವೇ ಎದುರುಪಕ್ಷದವನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ವಿಜಯಪುರ ಜಿಲ್ಲೆಯಲ್ಲಿ ಬಿದ್ದವನ ಮನೆಯವರು ಪ್ರತಿ ತಾರೀಖಿಗೂ ಅಲ್ಲಿಗೆ ಅಲೆಯಬೇಕಾಗಿಲ್ಲ, ಸೊಲ್ಲಾಪುರದಲ್ಲೇ ನಡೆಸಬಹುದು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಮರಳಿ ಬಂದಿದೆ. ಆ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ.

ತಪ್ಪು ಯಾರದೆಂಬ ಗೊಡವೆಯೇ ಬೇಡವೆನ್ನುವವರಿಗೆ 164ನೆಯ ಕಲಮಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಅದನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯಿತೆಂಬುದನ್ನು ಮರೆಯಬಾರದು. ಗುದ್ದಿದ ವಾಹನ ಪರಾರಿಯಾಗಿ ಗುರುತೇ ಸಿಗದಿದ್ದರೆ 161ನೆಯ ಕಲಮಿನಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಇದಕ್ಕೆ ನ್ಯಾಯಮಂಡಳಿಗೆ ಹೋಗಬೇಕಿಲ್ಲ; ಅರ್ಜಿ ಪ್ರಾಂತ ಅಧಿಕಾರಿ ಅಥವಾ ತಹಸೀಲ್ದಾರರ ಕಚೇರಿಗೆ. ನಸುಕಿನ ಅಪಘಾತಗಳಲ್ಲಿ ಪರಾರಿಯ ಸಂಭವ ಹೆಚ್ಚಾಗಿರುವುದರಿಂದ ಈ ಕಲಮು ಹಾಲಿನವನ ಮನೆಯವರಿಗೆ ತಿಳಿದಿರಬೇಕು. 2025ರ ಮೇ ತಿಂಗಳಿನಿಂದ ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ.

ಇವೆಲ್ಲ ಮೋಟಾರು ವಾಹನ ತಾಗಿದಾಗಿನ ಮಾತು. ಹೊರೆ ವಾಲಿ, ಚೀಲ ಕಡ್ಡಿಗೆ ಸಿಕ್ಕಿ, ಗುಂಡಿಯಲ್ಲಿ ಚಕ್ರ ಇಳಿದು ತಾನೇ ಬಿದ್ದು ಸತ್ತವನಿಗೆ ಈ ಕಾಯಿದೆಯಲ್ಲಿ ಬಿಡಿಗಾಸೂ ಇಲ್ಲ. ಅಂಥವನಿಗೆ ಆಸರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತಕ್ಕೆ ಒಪ್ಪಿಗೆ ಕೊಟ್ಟರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಬರುತ್ತದೆ. ಖಾತೆಯಲ್ಲಿ ಆ 20 ರೂಪಾಯಿ ಉಳಿದಿಲ್ಲದೆ ಪಾಲಿಸಿ ಕೈತಪ್ಪುವುದೇ ದೊಡ್ಡ ತೊಂದರೆ. ಕಡಿತವಾಗುವುದು ಮೇ ತಿಂಗಳ ಕೊನೆಗೆ, ಬಿತ್ತನೆಯ ಖರ್ಚಿನಿಂದ ಖಾತೆ ಬರಿದಾಗಿರುವ ಹೊತ್ತಿನಲ್ಲಿ.

ಕಾಯಿಪಲ್ಲೆ, ಹಣ್ಣು, ಬಟ್ಟೆಯ ಗಂಟು ಹೇರಿಕೊಂಡು ಓಣಿ ಓಣಿ ತಿರುಗಿ ಮಾರುವವನಿಗೆ ಲಾರಿಯಷ್ಟೇ ಭಯ ಅತಿಕ್ರಮಣ ವಿರೋಧಿ ಪಥಕದ್ದು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಕೂತು ಮಾರುವವರನ್ನಷ್ಟೇ ಅಲ್ಲದೆ ಸಂಚರಿಸಿ ಮಾರುವವರನ್ನೂ ವ್ಯಾಪಾರಿಗಳೆಂದು ಗುರುತಿಸಿದೆ. ಮಾಲು ಜಪ್ತಾದರೆ, ವ್ಯಾಪಾರಿ ಶುಲ್ಕ ತುಂಬಿ ಕೇಳಿದಾಗ, ಕೆಡುವ ಪದಾರ್ಥವನ್ನು ಅದೇ ದಿನ, ಕೆಡದ ಪದಾರ್ಥವನ್ನು ಕೆಲಸದ ಎರಡು ದಿನಗಳೊಳಗೆ ಬಿಡಬೇಕೆಂದು ಅದರ 19ನೆಯ ಕಲಮು ಹೇಳುತ್ತದೆ. ಜಪ್ತಿಯ ಪಟ್ಟಿಯನ್ನು ಬರೆದು ಸಹಿ ಮಾಡಿ ಕೊಡುವುದೂ ಅಧಿಕಾರಿಗಳ ಕರ್ತವ್ಯ. ಪಟ್ಟಿಯನ್ನು ಕೇಳಿ ಪಡೆಯದವನ ಬಾಳೆಹಣ್ಣು ಗೋದಾಮಿನಲ್ಲಿ ಕೊಳೆಯುತ್ತದೆ.

ಅಪಘಾತವಾದ ಸೈಕಲ್ಲಿನ ಗತಿಯೂ ಇದಕ್ಕಿಂತ ಭಿನ್ನವಲ್ಲ. ಅದು ಮುದ್ದೆಮಾಲಾಗಿ ಠಾಣೆಯ ಅಂಗಳ ಸೇರುತ್ತದೆ. ಲಾರಿಯ ಮಾಲೀಕ ವಕೀಲರ ಮೂಲಕ ಅರ್ಜಿ ಕೊಟ್ಟು ಕೆಲವೇ ದಿನಗಳಲ್ಲಿ ಲಾರಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ವಾಹನಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಹಾಕಬಾರದೆಂದು ಸುಪ್ರೀಂ ಕೋರ್ಟು 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ ಮಾತಿನ ಪ್ರಯೋಜನ ಅವನಿಗೆ ದೊರೆಯುತ್ತದೆ. ಸೈಕಲ್ಲಿನವನು ಕೇಳುವುದೇ ಇಲ್ಲ. ಅವನು ಕೇಳಬಹುದು: ಹೊಸ ನಾಗರಿಕ ಸುರಕ್ಷಾ ಸಂಹಿತೆಯ 497ನೆಯ ಕಲಮಿನಂತೆ, ಮ್ಯಾಜಿಸ್ಟ್ರೇಟರಿಗೆ ಒಂದು ಪುಟದ ಅರ್ಜಿ, ಖರೀದಿ ಪಾವತಿ ಇಲ್ಲದಿದ್ದರೆ ಊರಿನ ಇಬ್ಬರ ಪ್ರತಿಜ್ಞಾಪತ್ರ, ಒಂದು ಮುಚ್ಚಳಿಕೆ. ಬಿಡಿಸಿಕೊಳ್ಳುವ ಮುನ್ನ ಹಿಂದಿನ ಚಕ್ರ, ಕ್ಯಾರಿಯರ್, ಕ್ಯಾನು, ಪ್ರತಿಫಲಕಗಳ ಫೋಟೊ ತೆಗೆಸಿ ಕೋರ್ಟಿನ ಕಡತಕ್ಕೆ ಸೇರಿಸಲು ಕೋರಬೇಕು. ಚಕ್ರ ಹೊಸದು ಹಾಕಿಸಿದರೆ ಮರುದಿನದಿಂದಲೇ ಅವನ ಮಗ ವರ್ತನೆಯ ಹಾಲು ಹಾಕಲು ಹೊರಡಬಹುದು.